ಇಂದುಧರನ ಗಾಡಿಗೆ ಒಂದು ಕೆಟ್ಟ ಮಾತು

ನನಗೆ ಮೂಗಿನ ತುದಿಯಲ್ಲೇ ಕೋಪ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಹಳೇಬೀಡಿನಲ್ಲಿ ಆ ದಿನ ಆದದ್ದಕ್ಕೆ ಬೆಂಗಳೂರಿನವರನ್ನು ಎಷ್ಟೋ ದಿನ ಬಾಯಿಗೆ ಬಂದ ಹಾಗೆ ಬೈದೆ. ಬೈದು ಬೈದು ಸುಸ್ತಾದ ಮೇಲೆ ನೋಡಿದರೆ ತಪ್ಪೆಲ್ಲ ನನ್ನ ಬಾಯಿಯದೇ ಆಗಿತ್ತು.

ಅರಸೀಕೆರೆ ರೈಲ್ವೆ ಸ್ಟೇಷನ್ನಿನ ಹಿಂದಿನ ರಸ್ತೆಯಲ್ಲಿ ಇಂದುಧರನ ಆಟೋ ಗ್ಯಾರೇಜು. ನಾನು ಕೊಬ್ಬರಿ ಮಾರುಕಟ್ಟೆಯಲ್ಲಿ ಗುಮಾಸ್ತ. ಇಬ್ಬರೂ ಒಂದೇ ಬೀದಿಯಲ್ಲಿ ಹುಟ್ಟಿದವರು. ಅವನಿಗೆ ಮೂರನೇ ವರ್ಷಕ್ಕೆ ಪೋಲಿಯೊ ಆಗಿ ಎರಡು ಕಾಲೂ ಬಿದ್ದುಹೋದವು. ಊರುಗೋಲು ಹಿಡಿದರೂ ನಾಲ್ಕು ಹೆಜ್ಜೆಗಿಂತ ಹೆಚ್ಚು ಆಗದು. ಒಂದನೇ ಕ್ಲಾಸಿನಿಂದ ಎಸ್ಸೆಸ್ಸೆಲ್ಸಿವರೆಗೆ ಅವನನ್ನು ಉಪ್ಪುಮೂಟೆ ಮಾಡಿಕೊಂಡು ಸ್ಕೂಲಿಗೆ ಹೊತ್ತವನು ನಾನು. ಆಮೇಲೂ ಅಷ್ಟೇ. ದಿನಾ ಬೆಳಿಗ್ಗೆ ಆಫೀಸಿಗೆ ಹೋಗುವ ಮುಂಚೆ ಅವನನ್ನು ಮನೆಯಿಂದ ಎತ್ತಿ ಗ್ಯಾರೇಜಿನಲ್ಲಿ ಕೂರಿಸುವುದು, ಸಂಜೆ ಎತ್ತಿ ಮನೆಗೆ ಬಿಡುವುದು. ಅವನ ತಾಯಿ ದೇವೀರಮ್ಮ ನನ್ನನ್ನು ಕಂಡಾಗೆಲ್ಲ ಕೈ ಮುಗಿಯುತ್ತಿದ್ದರು. ಸುಳ್ಳು ಯಾಕೆ ಹೇಳಲಿ, ಅದು ನನಗೆ ಹಿತವಾಗಿಯೇ ಇತ್ತು.

ಇಂದುಧರನ ಕೈ ಬಂಗಾರದಂಥ ಕೈ ಎಂದು ಊರೆಲ್ಲ ಹೇಳುತ್ತಿತ್ತು. ಅದೇ ಅವನಿಗೆ ಸಂಕಟ. ಒಂದು ಸಲ ಅವನು ಬೆಸುಗೆ ಹಾಕಿದ ಸೈಲೆನ್ಸರು ಗಂಡಸಿ ಊರು ದಾಟುವ ಮುಂಚೆಯೇ ಕಳಚಿ ರಸ್ತೆಗೆ ಬಿತ್ತು. ಆಟೋದವನು ಅದನ್ನು ಕೈಯಲ್ಲಿ ಹಿಡಿದುಕೊಂಡು ಬಂದು, "ಪರವಾಗಿಲ್ಲ ಬಿಡಪ್ಪ, ನಿಧಾನಕ್ಕೆ ಮಾಡ್ಕೊಡು," ಎಂದ. ಪಕ್ಕದ ಗ್ಯಾರೇಜಿನಲ್ಲಿ ಹೀಗಾಗಿದ್ದರೆ ಅವನೇ ಅಮ್ಮ ಅಕ್ಕ ಎಲ್ಲ ಸೇರಿಸಿ ಬೈಯುತ್ತಿದ್ದ. ಆ ದಿನ ಇಂದುಧರ ಊಟ ಮಾಡಲಿಲ್ಲ.

"ನಾನು ಮಾಡಿದ್ದು ಚೆಂದಾಗೈತೋ ಕೆಟ್ಟದಾಗೈತೋ ಇವತ್ತಿನವರ್ಗೂ ನಂಗೆ ಗೊತ್ತಿಲ್ಲ ಕಣ್ಲಾ ಮರಿ," ಎಂದ. "ಎಲ್ರೂ ನನ್ ಕಾಲು ನೋಡ್ಕೊಂಡೇ ಮಾತಾಡ್ತಾರೆ."

ನಾನು ಮರಿಯಣ್ಣ, ಅವನಿಗೆ ಮರಿ. "ಹಂಗೆಲ್ಲ ಅಂದ್ಕೋಬೇಡ, ನಿನ್ ಕೆಲ್ಸ ನಿಜವಾಗ್ಲೂ ಚೆಂದ," ಎಂದೆ. ಅವನು ನನ್ನನ್ನು ನೋಡಿದ ನೋಟಕ್ಕೆ ಅರ್ಥ ಆಗ ತಿಳಿಯಲಿಲ್ಲ.

ರದ್ದಿ ಅಂಗಡಿಯಿಂದ ಗ್ಯಾರೇಜಿಗೆ ಎಣ್ಣೆ ಒರೆಸಲು ಬರುವ ಹಳೇ ಪೇಪರಿನ ಕಟ್ಟಿನಲ್ಲಿ ಒಂದು ದಿನ ಇಂಗ್ಲಿಷಿನ ಮೋಟಾರು ಪತ್ರಿಕೆಗಳು ಸಿಕ್ಕಿದವು. ಒಂದರಲ್ಲಿ ಎರಡು ಪುಟದ ಚಿತ್ರ. ಮುಂದೆ ಎರಡು ಚಕ್ರ, ಹಿಂದೆ ಒಂದು. ಮೇಲೆ ಛಾವಣಿಯಿಲ್ಲ, ಬಾಗಿಲಿಲ್ಲ, ಹಿಂದುಗಡೆ ದೋಣಿಯ ಹಾಗೆ ಚೂಪಾದ ಬಾಲ. ಅಜ್ಜನ ಕಾಲದ ಗಾಡಿ ಎಂದುಕೊಂಡರೆ ಹೊಸದಾಗಿಯೇ ಹಾಗೆ ಮಾಡಿದ್ದು. ಕಣ್ಣಿಗೆ ಗಾಗಲ್ಸು ಹಾಕಿದ ದೊರೆಯೊಬ್ಬ ಅದರಲ್ಲಿ ಕೂತು ಗಾಳಿಗೆ ಹಲ್ಲು ಬಿಟ್ಟಿದ್ದ.

ಇಂದುಧರ ಆ ಪುಟವನ್ನು ಬಹಳ ಹೊತ್ತು ನೋಡಿದ. ಅವನಿಗೂ ಒಂದು ಮೂರು ಚಕ್ರದ ಗಾಡಿ ಇತ್ತು, ಕೈಯಲ್ಲಿ ಪೆಡಲ್ ತಿರುಗಿಸುವಂಥದು. ಹದಿನಾಲ್ಕನೇ ವಯಸ್ಸಿನಲ್ಲಿ ಒಂದು ಸಂಘದವರು ವೇದಿಕೆಗೆ ಎತ್ತಿ ಕೂರಿಸಿ, ಶಾಲು ಹೊದಿಸಿ, ಫೋಟೋ ಹೊಡೆಸಿ ಕೊಟ್ಟದ್ದು. ಅದರ ಬೆನ್ನಿಗೆ ದಾನಿಗಳ ಹೆಸರು ದಪ್ಪ ಅಕ್ಷರದಲ್ಲಿ ಬರೆದಿತ್ತು. ಅದನ್ನು ಅವನು ಕೈಯಾರೆ ಉಜ್ಜಿ ಅಳಿಸಿದ್ದ, ಆದರೂ ಆ ಗಾಡಿ ಹತ್ತುತ್ತಿರಲಿಲ್ಲ.

"ನೋಡ್ಲಾ," ಎಂದ. "ಈವಯ್ಯಂಗೆ ಎರಡು ಕಾಲೂ ನೆಟ್ಟಗವೆ. ಆದ್ರೂ ಮೂರು ಚಕ್ರ ಬೇಕು ಅಂತ ಆಸೆ ಪಟ್ಟು ಕೊಂಡವ್ನೆ."

ಚಿತ್ರಕ್ಕಿಂತ ಅವನಿಗೆ ಹುಚ್ಚು ಹಿಡಿಸಿದ್ದು ಅದರ ಹಿಂದಿನ ಪುಟಗಳು. ಅಲ್ಲಿ ಓದುಗರ ಕಾಗದಗಳಿದ್ದವು, ಎಲ್ಲ ಇಂಥ ಗಾಡಿಗಳ ಹುಚ್ಚರದು. ಡಿಕ್ಷನರಿ ಇಟ್ಟುಕೊಂಡು ನಾನು ತಡವರಿಸುತ್ತ ಓದಿ ಹೇಳುತ್ತಿದ್ದೆ. ಜಗತ್ತಿನಲ್ಲಿ ಉಳಿದಿರುವ ಪ್ರಾಮಾಣಿಕ ಗಾಡಿ ಇದೊಂದೇ ಎಂದು ಒಬ್ಬ. ಮುದುಕರ ಆಟದ ಸಾಮಾನು ಎಂದು ಇನ್ನೊಬ್ಬ. ಹೊಸ ಎಂಜಿನ್ನಿಗೆ ಹಳೇ ಬಟ್ಟೆ ತೊಡಿಸಿ ಮೋಸ ಮಾಡುತ್ತಿದ್ದಾರೆ ಎಂದು ಮತ್ತೊಬ್ಬ ಕೆಂಡ ಕಾರಿದ್ದ. ಯಾರೋ ತಾನೇ ಕಟ್ಟಿದ ಗಾಡಿಯ ಫೋಟೋವನ್ನು ಹಿಂದಿನ ಸಂಚಿಕೆಗೆ ಕಳಿಸಿದ್ದನಂತೆ, ಒಂದು ಕಾಗದದಲ್ಲಂತೂ ಇನ್ಯಾರೋ ಅದನ್ನು ಹಿಡಿದುಕೊಂಡು ಕಾಲು ಪುಟ ಉಗಿದಿದ್ದ.

"ಹೆಂಗ್ ಉಗೀತಾವ್ನೆ ನೋಡ್ಲಾ!" ಎಂದು ಇಂದುಧರ ತೊಡೆ ತಟ್ಟಿಕೊಂಡು ನಕ್ಕ. "ಇನ್ನೊಂದ್ ಸಲ ಓದು."

ಎರಡು ವರ್ಷ ಹಿಡಿಯಿತು. ಗುಜರಿಗೆ ಬಂದಿದ್ದ ಆಟೋ ಚಾಸಿಯನ್ನು ಹಿಂದುಮುಂದು ಮಾಡಿದ. ಬುಲೆಟ್ಟಿನ ಹಳೇ ಎಂಜಿನ್ನು ತಂದು ಮೂಗಿಗೆ ಕೂರಿಸಿದ. ಎಣ್ಣೆ ಡಬ್ಬಗಳನ್ನು ಬಡಿದು ತಗಡು ಮಾಡಿ ಬಾಲ ಕಟ್ಟಿದ. ಲಾರಿಯ ದೊಡ್ಡ ಲ್ಯಾಂಪು ಎರಡು, ಹಸಿರು ಬಣ್ಣ. ಕ್ಲಚ್ಚು, ಬ್ರೇಕು, ಆಕ್ಸಿಲರೇಟರು ಎಲ್ಲ ಕೈಗೇ. ಕೂತವನ ಸೊಂಟದಿಂದ ಕೆಳಗೆ ಮುಚ್ಚುವ ಹಾಗೆ ಒಂದು ರೆಕ್ಸಿನ್ ಹೊದಿಕೆ, ಗುಂಡಿ ಹಾಕಿ ಬಿಗಿಯುವಂಥದು. ಆ ಚಿತ್ರದಲ್ಲೂ ಅಂಥದೇ ಇತ್ತು. ಮೊದಲ ಸಲ ಮಾಲೇಕಲ್ಲಿನ ರಸ್ತೆಯಲ್ಲಿ ಹೋದಾಗ ಪಕ್ಕದಲ್ಲಿ ಕೂತಿದ್ದ ನನಗೆ ಕಣ್ಣಲ್ಲಿ ನೀರು ಬಂತು. ಗಾಳಿಗೆ ಎಂದು ಹೇಳಿದೆ.

ಊರು ಏನೆಂದಿತು? "ಪಾಪ, ಎಷ್ಟ್ ಚೆಂದಾಗಿ ಮಾಡವ್ನೆ." ಒಬ್ಬರೂ ಬೇರೆ ಮಾತಾಡಲಿಲ್ಲ.

2003ರ ಡಿಸೆಂಬರಿನಲ್ಲಿ ಪೇಪರಿನಲ್ಲೊಂದು ಸಣ್ಣ ಸುದ್ದಿ ಬಂತು. ಬೆಂಗಳೂರಿನ ಹಳೇ ಕಾರುಗಳ ಸಂಘದವರು ಬೇಲೂರು ನೋಡಿಕೊಂಡು ಭಾನುವಾರ ಬೆಳಿಗ್ಗೆ ಹಳೇಬೀಡಿಗೆ ಬರುತ್ತಾರೆ. ಜೊತೆಯಲ್ಲಿ ಹಳೇ ಮಾದರಿಯಲ್ಲಿ ಹೊಸದಾಗಿ ಕಟ್ಟಿಸಿದ ಒಂದು ಮೂರು ಚಕ್ರದ ಸ್ಪೋರ್ಟ್ಸ್ ಕಾರೂ ಇರುತ್ತದೆ. ಇಂದುಧರ ಆ ಸುದ್ದಿಯನ್ನು ಕತ್ತರಿಸಿ ಜೇಬಿನಲ್ಲಿಟ್ಟುಕೊಂಡ.

"ಅವ್ರು ಬರೋ ಮುಂಚೆ ನಾನು ಗಾಡೀಲಿ ಕೂತಿರ್ಬೇಕು. ಹೊದಿಕೆ ಬಿಗಿದಿರ್ಬೇಕು. ಅವ್ರು ಹೋದ್ಮೇಲೇ ನಾನು ಇಳಿಯೋದು. ನನ್ ಕಾಲಿನ ವಿಷ್ಯ ಅವ್ರಿಗೆ ತಿಳೀಬಾರ್ದು ಮರಿ. ಗಾಡಿ ವಿಷ್ಯ ಗೊತ್ತಿರೋರು ಒಂದೇ ಒಂದ್ ಸಲ ನನ್ ಗಾಡಿ ನೋಡಿ ಅನ್ನೋದು ಅಂದ್ಬಿಡ್ಲಿ. ಉಗುದ್ರೂ ಸರಿ. ಅಷ್ಟ್ ಸಾಕು ನಂಗೆ."

"ಆಯ್ತು ಕಣಪ್ಪ."

"ನಾನ್ ಕೈ ಎತ್ತಿ ಕರೆಯೋವರ್ಗೂ ನೀನ್ ಹತ್ರ ಸುಳೀಬಾರ್ದು. ಪ್ರಾಣ ಹೋದ್ರೂ ಸುಳೀಬಾರ್ದು."

ಆಣೆ ಇಟ್ಟೆ.

ಭಾನುವಾರ ನಸುಕಿನಲ್ಲೇ ಹೊರಟೆವು. ಜಾವಗಲ್ ಮೇಲೆ ಬಂದು ಎಂಟು ಗಂಟೆಗೆಲ್ಲ ಹಳೇಬೀಡಿನಲ್ಲಿದ್ದೆವು. ದೇವಸ್ಥಾನದ ಮುಂದೆ ಗಾಡಿಗಳು ನಿಲ್ಲುವ ಬಯಲಿನಲ್ಲಿ ಗಾಡಿ ನಿಲ್ಲಿಸಿ, ಅವನು ತಲೆ ಬಾಚಿಕೊಂಡ, ಗಾಗಲ್ಸು ಹಣೆಗೇರಿಸಿದ, ಹೊದಿಕೆಯ ಗುಂಡಿ ಒಂದೊಂದಾಗಿ ಹಾಕಿಕೊಂಡ. ನಾನು ಅವನ ಊರುಗೋಲುಗಳನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ದೂರದ ಎಳನೀರಿನ ಗಾಡಿಯ ಹಿಂದೆ ಹೋಗಿ ಕೂತೆ.

ಹತ್ತು ಗಂಟೆಗೆ ಬಂದರು. ಹನ್ನೆರಡೋ ಹದಿಮೂರೋ ಕಾರು, ಒಂದಕ್ಕಿಂತ ಒಂದು ಮಿರಿಮಿರಿ. ಕೊನೆಯಲ್ಲಿ ಕೆಂಪು ಬಣ್ಣದ ಮೂರು ಚಕ್ರದ್ದು. ಅದರಿಂದ ಇಳಿದ ಹುಡುಗನಿಗೆ ಮೂವತ್ತು ವರ್ಷ ಇರಬಹುದು. ಎಲ್ಲರೂ ಅವನನ್ನು ಕಿರಣ್ ಎಂದು ಕೂಗುತ್ತಿದ್ದರು. ಅವನ ಕಣ್ಣು ಮೊದಲು ಬಿದ್ದದ್ದೇ ನಮ್ಮ ಹಸಿರು ಗಾಡಿಯ ಮೇಲೆ.

"ಗುರೂ! ಇಲ್ಲಿ ನೋಡ್ರೋ, ನನ್ ಗಾಡಿಗೆ ತಮ್ಮ ಹುಟ್ಟಿದಾನೆ!"

ದೇವಸ್ಥಾನದ ಕಡೆ ಒಬ್ಬರೂ ಹೋಗಲಿಲ್ಲ. ಎಲ್ಲರೂ ಗಾಡಿ ಸುತ್ತ ನಿಂತರು. ನಾನು ಎಳನೀರಿನ ಗಾಡಿ ಬಿಟ್ಟು ಒಂದು ವ್ಯಾನಿನ ಮರೆಗೆ ಬಂದು ಕಿವಿ ಕೊಟ್ಟೆ.

ಅವರಲ್ಲಿ ಹಿರಿಯರೊಬ್ಬರಿದ್ದರು, ಬಿಳಿ ಮೀಸೆ, ಖಾಕಿ ಟೋಪಿ. ಗಂಗಾಧರಪ್ಪ ಎಂದು ಹೆಸರು, ಯಾವುದೋ ಕಾರ್ಖಾನೆಯಲ್ಲಿ ಎಂಜಿನಿಯರಾಗಿ ರಿಟೈರಾದವರು. ಉಳಿದವರೆಲ್ಲ ಅವರ ಬಾಯಿ ನೋಡುತ್ತಿದ್ದರು. ಅವರು ಮಾತಾಡದೆ ಗಾಡಿಗೆ ಎರಡು ಸುತ್ತು ಹಾಕಿದರು. ಬಗ್ಗಿದರು. ಬಾಲವನ್ನು ಬೆರಳಿನಿಂದ ಬಡಿದರು.

"ಯಾರಯ್ಯಾ ಇದನ್ನ ಮಾಡಿದ್ದು?"

"ನಾನೇ ಸಾರ್. ಇಂದುಧರ ಅಂತ. ಅರಸೀಕೆರೆ."

"ಬಾಲ ಉದ್ದ ಆಯ್ತು. ಹಿಂದೆ ಭಾರ ಜಾಸ್ತಿ ಕೂತ್ರೆ ಮುಂದಿನ ಚಕ್ರ ರೋಡು ಹಿಡಿಯಲ್ಲ. ಜೋರಾಗಿ ತಿರುಗಿಸಿದ್ರೆ ನೆಟ್ಟಗೆ ಹೊಲಕ್ಕೇ ಹೋಗ್ತೀಯ."

"ಅರವತ್ತರಲ್ಲಿ ತಿರುಗ್ಸಿದೀನಿ ಸಾರ್. ಹೋಗಿಲ್ಲ."

"ನಿನ್ನ ಪುಣ್ಯ. ಚಿತ್ರ ನೋಡಿ ಮಾಡಿದ್ಯಾ? ಚಿತ್ರದಲ್ಲಿ ಭಾರ ಕಾಣ್ಸಲ್ಲ ಕಣಯ್ಯಾ. ಕೆಲಸ ಅಚ್ಚುಕಟ್ಟು, ಲೆಕ್ಕ ತಪ್ಪು."

ಇಂದುಧರನ ಮುಖ ನೋಡಿದೆ. ಮೂವತ್ತೈದು ವರ್ಷದಲ್ಲಿ ನಾನು ಆ ಮುಖ ಕಂಡಿರಲಿಲ್ಲ. ಅವನು ಮುಂದಕ್ಕೆ ಬಾಗಿ, ಕಣ್ಣು ಮಿಟುಕಿಸದೆ ಕೇಳುತ್ತಿದ್ದ.

"ಲ್ಯಾಂಪ್ ಬೇರೆ ಲಾರೀದು," ಎಂದ ಕಿರಣ್. "ಕಪ್ಪೆ ಕಣ್ಣು ಬಿಟ್ಟಂಗಿದೆ." ಎಲ್ಲರೂ ನಕ್ಕರು. ಇಂದುಧರನೂ ನಕ್ಕ.

ಆಮೇಲೆ ಅವರವರಲ್ಲೇ ಶುರುವಾಯಿತು. ಮೂರು ಚಕ್ರದ್ದು ಕಾರೂ ಅಲ್ಲ, ಬೈಕೂ ಅಲ್ಲ, ಮಳೆಯಲ್ಲಿ ನೆನೆಯುವ ಚಟ ಇರುವವರಿಗೆ ಮಾಡಿದ್ದು ಎಂದ ಒಬ್ಬ. ಅದಕ್ಕೇ ಅದು ಗಾಡಿ, ಉಳಿದವೆಲ್ಲ ಗಾಜಿನ ಕೋಣೆ ಎಂದ ಇನ್ನೊಬ್ಬ. ನಮ್ಮ ರಸ್ತೆಗೆ ಇದು ಆಗಿಬರುವುದಿಲ್ಲ, ಮುಂದಿನ ಎರಡು ಚಕ್ರದ ನಡುವೆ ಗುಂಡಿ ಬಿಟ್ಟುಕೊಂಡರೆ ಹಿಂದಿನದು ಹೋಗಿ ಅದರಲ್ಲೇ ಬೀಳುತ್ತದೆ ಎಂದು ಕಿರಣ್ ತನ್ನ ಬೆನ್ನು ಹಿಡಿದು ತೋರಿಸಿದ.

"ನಿಮ್ದಕ್ಕೆ ಸ್ಪ್ರಿಂಗ್ ಗಟ್ಟಿ ಆಯ್ತು, ಅದ್ಕೇ," ಎಂದ ಇಂದುಧರ. "ಅಲ್ದೆ ನಿಮ್ ಬಾನೆಟ್ ಮೇಲಿನ ಬೆಲ್ಟು ಏನನ್ನೂ ಬಿಗಿದಿಲ್ಲ. ಸುಮ್ನೆ ಅಂಟ್ಸವ್ರೆ. ಹಳೇ ಗಾಡಿ ಅಂತ ವೇಷ ಹಾಕಿದ್ಮೇಲೆ ಬೆಲ್ಟಾದ್ರೂ ಬೆಲ್ಟಿನ ಕೆಲ್ಸ ಮಾಡ್ಬೇಕಲ್ವಾ?"

ಗಂಗಾಧರಪ್ಪ ಜೋರಾಗಿ ನಕ್ಕರು. ಕಿರಣ್ ಮುಖ ಕೆಂಪಾಯಿತು. ನನಗೆ ವ್ಯಾನಿನ ಹಿಂದೆ ಕುಣಿಯುವ ಹಾಗಾಯಿತು.

"ಅದ್ಸರಿ, ಬ್ರೇಕು ಕ್ಲಚ್ಚು ಎಲ್ಲ ಕೈಗೆ ಯಾಕೆ ಕೊಟ್ಟಿದೀಯಾ?" ಎಂದರು ಗಂಗಾಧರಪ್ಪ.

"ನಂಗೆ ಹಂಗೇ ಇಷ್ಟ ಸಾರ್. ಹಳೇ ಕಾಲದಲ್ಲೂ ಬೇಜಾನ್ ಕೈಗೇ ಇರ್ತಿದ್ವಲ್ಲ."

"ಅದು ನಿಜ," ಎಂದು ಅವರು ಒಪ್ಪಿಕೊಂಡರು.

ಗೆದ್ದ, ಎಂದುಕೊಂಡೆ. ಅಷ್ಟಕ್ಕೇ ನಿಂತಿದ್ದರೆ ಎಷ್ಟು ಚೆನ್ನಾಗಿತ್ತು. ಆದರೆ ಕಿರಣ್ ತನ್ನ ಗಾಡಿಯ ಕೀಲಿಯನ್ನು ಇಂದುಧರನ ಮಡಿಲಿನ ಮೇಲಿದ್ದ ರೆಕ್ಸಿನ್ನಿಗೆ ಎಸೆದ. ತನ್ನ ಗಾಡಿ ಕೊಟ್ಟು ಇನ್ನೊಬ್ಬನ ಗಾಡಿ ಓಡಿಸಿ ನೋಡುವುದು ಅವರಲ್ಲಿ ದೊಡ್ಡ ಮರ್ಯಾದೆಯಂತೆ. ಅದು ಆಮೇಲೆ ತಿಳಿಯಿತು.

"ಇಳಿ, ನಾನೊಂದು ರೌಂಡ್ ಹೊಡೀತೀನಿ. ನೀನು ನಂದು ತಗೊಂಡ್ ಹೋಗು. ಸ್ಪ್ರಿಂಗ್ ಗಟ್ಟೀನೋ ಮೆತ್ತಗೋ ನೋಡೇಬಿಡು."

ಇಂದುಧರ ಕೀಲಿಯನ್ನು ಎತ್ತಿಕೊಂಡ. ಒಂದು ಗಳಿಗೆ ಅದನ್ನು ಅಂಗೈಯಲ್ಲಿಟ್ಟುಕೊಂಡು ನೋಡಿದ. ಆಮೇಲೆ ವಾಪಸು ಚಾಚಿದ.

"ಇಲ್ಲ. ನನ್ ಗಾಡೀನ ಯಾರಿಗೂ ಕೊಡಾಕಿಲ್ಲ."

"ಒಂದೇ ರೌಂಡ್ ಗುರೂ."

"ಕೊಡಾಕಿಲ್ಲ ಅಂದ್ನಲ್ಲ."

"ಏನಯ್ಯಾ ಇಷ್ಟೊಂದು ಧಿಮಾಕು?" ಕಿರಣ್ ದನಿ ಏರಿತು. "ಆಟೋ ಬಿಚ್ಚಿ ಕಟ್ಟಿರೋ ಡಬ್ಬಕ್ಕೆ! ಬೇರೆಯೋರ್ ಗಾಡಿಗೆ ಹೆಸರಿಡೋಕೆ ಬಾಯಿದೆ, ಇಳಿಯೋಕೆ ಆಗಲ್ವಾ? ಇಳಿಯಯ್ಯಾ ಕೆಳಗೆ!"

ಇಂದುಧರ ನಗುತ್ತಿದ್ದ. ಇದನ್ನು ನಾನು ಈಗ ಆಣೆ ಮಾಡಿ ಹೇಳುತ್ತೇನೆ, ಅವನು ನಗುತ್ತಿದ್ದ. ಜಂಬದವನು ಎಂದು ಬೈಸಿಕೊಳ್ಳುವುದು ಅವನಿಗೆ ಆ ಗಳಿಗೆಯಲ್ಲಿ ಹಬ್ಬವಾಗಿತ್ತು. ಆದರೆ ನನಗೆ ಕಂಡದ್ದು ಕಿರಣನ ಬೆರಳು ಮಾತ್ರ. ಆ ಬೆರಳು ನನ್ನ ಇಂದುಧರನ ಮೂಗಿನ ಮುಂದೆ ಅಲ್ಲಾಡುತ್ತಿತ್ತು. ವ್ಯಾನಿನ ಮರೆಯಿಂದ ನುಗ್ಗಿದೆ.

"ಕಾಲಿಲ್ದೋನ್ ಹತ್ರ ಏನ್ರೀ ನಿಮ್ ಗಂಡಸ್ತನ? ಎರಡೂ ಕಾಲು ಬಿದ್ದೋಗವೆ ಅವ್ನಿಗೆ! ಹೆಂಗ್ರೀ ಇಳೀತಾನೆ? ಹೆಂಗಿಳೀತಾನೆ?"

ಗೋಣಿಚೀಲವನ್ನು ಕಿರಣನ ಕಾಲ ಬುಡಕ್ಕೆ ಎಸೆದೆ. ಊರುಗೋಲುಗಳು ಹೊರಗೆ ಜಾರಿ ಮಣ್ಣಿನಲ್ಲಿ ಬಿದ್ದವು.

ಇಂದುಧರ ನನ್ನ ಕಡೆ ತಿರುಗಲಿಲ್ಲ. ಗಾಗಲ್ಸನ್ನು ಹಣೆಯಿಂದ ತೆಗೆದು ಮಡಿಲಲ್ಲಿಟ್ಟುಕೊಂಡ.

"ಸಾರಿ ಸಾರ್," ಎಂದ ಕಿರಣ್. ಅವನ ಬಾಯಿಂದ ನೀನು ಹೋಗಿ ನೀವು ಬಂದಿತ್ತು. "ನಂಗೆ ಗೊತ್ತಿರ್ಲಿಲ್ಲ ಸಾರ್. ದಯವಿಟ್ಟು ಕ್ಷಮಿಸಿ. ನೀವು ಗ್ರೇಟ್ ಸಾರ್."

ಯಾರೋ ಚಪ್ಪಾಳೆ ಹೊಡೆದರು. ಆಮೇಲೆ ಎಲ್ಲರೂ ಹೊಡೆದರು. ಒಬ್ಬ ಹೆಂಗಸು ಕಣ್ಣು ಒರೆಸಿಕೊಂಡಳು. ಅವರ ಜೊತೆ ಬಂದಿದ್ದ ಕ್ಯಾಮೆರಾದವನು ಊರುಗೋಲುಗಳನ್ನು ಎತ್ತಿ ಗಾಡಿಗೆ ಒರಗಿಸಿ, ಚೆನ್ನಾಗಿ ಕಾಣುವ ಹಾಗೆ ಸರಿಪಡಿಸಿ, ಫೋಟೋ ತೆಗೆದ.

"ಸಾರ್," ಎಂದ ಇಂದುಧರ, ಗಂಗಾಧರಪ್ಪನವರ ಕಡೆ ನೋಡಿ. ಅವನ ದನಿ ಬೇಡುವವನ ದನಿಯಾಗಿತ್ತು. "ಬಾಲದ ವಿಷ್ಯ ಹೇಳ್ತಿದ್ರಿ. ಎಷ್ಟ್ ಕಮ್ಮಿ ಮಾಡ್ಬೇಕು?"

"ಬಾಲಕ್ಕೇನಾಗಿದೆಯಪ್ಪಾ, ಬಹಳ ಸೊಗಸಾಗಿದೆ."

"ಉದ್ದ ಆಯ್ತು ಅಂದ್ರಿ. ಲೆಕ್ಕ ತಪ್ಪು ಅಂದ್ರಿ."

"ಅಯ್ಯೋ, ಏನೋ ಬಾಯಿಗೆ ಬಂದಿದ್ದು ಅಂದೆ. ನಿಮ್ಮಂಥೋರು ಇಷ್ಟು ಮಾಡೋದೇ ಹೆಚ್ಚು." ಅವರು ಇಂದುಧರನ ತಲೆ ಸವರಿದರು. ಮಕ್ಕಳಿಗೆ ಸವರುವ ಹಾಗೆ ಸವರಿದರು.

ಅರ್ಧ ಗಂಟೆಯಲ್ಲಿ ಅವರೆಲ್ಲ ಹೋದರು. ಅರಸೀಕೆರೆ ತಲುಪುವವರೆಗೆ ನಾನೇ ಅದೂ ಇದೂ ಬಡಬಡಿಸಿದೆ. ಮನೆಯ ಮುಂದೆ ಎತ್ತಿ ಇಳಿಸುವಾಗ, "ಬೈಯೋ ನನ್ನ," ಎಂದೆ.

"ನೀನ್ ಒಳ್ಳೇದಕ್ಕೇ ಅಂದೆ ಬಿಡು," ಎಂದ. ಸೈಲೆನ್ಸರು ಹಿಡಿದುಕೊಂಡು ಬಂದಿದ್ದ ಆಟೋದವನ ದನಿ ಅದು. ಅವನು ನನ್ನ ಕಪಾಳಕ್ಕೆ ಬಾರಿಸಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

ಆಮೇಲೆ ಅವನು ಗಾಡಿ ತೆಗೆಯಲಿಲ್ಲ. ಅದು ಗ್ಯಾರೇಜಿನ ಮೂಲೆಯಲ್ಲಿ ಟಾರ್ಪಾಲಿನ ಕೆಳಗೆ ನಿಂತಿತು. ದಿನವಿಡೀ ಆಟೋ ಕೆಲಸ ಮಾಡುವನು, ಕೇಳಿದ್ದಕ್ಕೆ ಉತ್ತರ ಕೊಡುವನು, ಅಷ್ಟೇ. ಒಂದು ತಿಂಗಳು ನೋಡಿದೆ. ಇನ್ನು ತಡೆಯಲಾರದೆ ಸಂಘದ ವಿಳಾಸ ಹುಡುಕಿ ಗಂಗಾಧರಪ್ಪನವರಿಗೆ ಕಾಗದ ಬರೆದೆ. 'ಸ್ವಾಮಿ, ನಿಮ್ಮ ಕಾಲಿಗೆ ಬೀಳುತ್ತೇನೆ. ಅವನ ಗಾಡಿಯ ತಪ್ಪುಗಳನ್ನೆಲ್ಲ ಬರೆಯಿರಿ. ಕಾಲಿನ ವಿಷಯ ಮರೆತು, ಬೇರೆ ಯಾರಿಗೋ ಬರೆದ ಹಾಗೆ ಕಟುವಾಗಿ ಬರೆಯಿರಿ.'

ಉತ್ತರ ನನ್ನ ಆಫೀಸಿಗೇ ಬಂತು, ಇಂದುಧರನ ಹೆಸರಿನಲ್ಲಿ. ಗ್ಯಾರೇಜಿಗೆ ಓಡಿದೆ. ಅವನು ಒಂದು ಆಟೋದ ಎಂಜಿನ್ನು ಬಿಚ್ಚಿಕೊಂಡು ನೆಲದ ಮೇಲೆ ಕೂತಿದ್ದ, ಕೈಯೆಲ್ಲ ಮಸಿ.

"ಗಂಗಾಧರಪ್ಪೋರು ಬರ್ದವ್ರೆ ಕಣೋ! ನಿಂಗೆ!"

ಅವನ ಕೈ ನಿಂತಿತು. "ಓದು," ಎಂದ.

ಒಡೆದೆ. ಚೆಂದದ ದುಂಡು ಕನ್ನಡ ಅಕ್ಷರ. 'ಚಿರಂಜೀವಿ ಇಂದುಧರನಿಗೆ ಆಶೀರ್ವಾದಗಳು. ನಿನ್ನಂಥ ಚೇತನದ ಮುಂದೆ ನಮ್ಮ ಟೀಕೆಗಳೆಲ್ಲ ಬಹಳ ಸಣ್ಣವು. ಅಂದು ಬಾಲದ ಬಗ್ಗೆ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ. ನಿನ್ನ ಗಾಡಿಯಲ್ಲಿ ನನಗೆ ಒಂದು ತಪ್ಪೂ ಕಾಣಲಿಲ್ಲ.' ಪುಟದ ತುಂಬ ಇದೇ.

ಇಂದುಧರ ಕಾಯುತ್ತಿದ್ದ. ನಾನು ಗಂಟಲು ಸರಿ ಮಾಡಿಕೊಂಡೆ.

"ಏನಯ್ಯಾ ಇಂದುಧರ," ಎಂದು ಓದಿದೆ. "ನಿನ್ನ ಗಾಡಿಯ ಬಗ್ಗೆ ಯೋಚಿಸಿದಷ್ಟೂ ಸಿಟ್ಟು ಬರುತ್ತದೆ. ಅಷ್ಟು ಒಳ್ಳೆ ಕೈ ಇಟ್ಟುಕೊಂಡು ಅಂಥ ಬಾಲ ಯಾಕೆ ಕಟ್ಟಿದೆ? ಭಾರದ ಲೆಕ್ಕ ಒಂದನೇ ಕ್ಲಾಸಿನ ಮಕ್ಕಳಿಗೂ ಗೊತ್ತಿರುತ್ತದೆ. ಆರು ಇಂಚು ಕತ್ತರಿಸದೆ ಅದನ್ನು ರಸ್ತೆಗೆ ತರಬೇಡ. ಲ್ಯಾಂಪು ನೋಡಿದರೆ ವಾಕರಿಕೆ ಬರುತ್ತದೆ."

"ಆರು ಇಂಚು," ಎಂದ ಇಂದುಧರ. ಮುಖ ಕೆಂಪೇರಿತು. ಪಕ್ಕದಲ್ಲಿದ್ದ ಸೀಮೆಸುಣ್ಣ ಎತ್ತಿಕೊಂಡು ನೆಲದ ಮೇಲೆ ಬಾಲದ ಗೆರೆ ಎಳೆದ, ಅಳತೆ ಪಟ್ಟಿ ಇಟ್ಟು ಆರು ಇಂಚು ಒಳಗೆ ಇನ್ನೊಂದು ಗೆರೆ ಎಳೆದ. "ಮುದ್ಕ ಸರಿಯಾಗೇ ಹೇಳವ್ನೆ ಕಣ್ಲಾ! ಬಾಲದೊಳ್ಗೆ ಸ್ಪೇರ್ ಚಕ್ರ ಇಟ್ಟಿದ್ದೇ ತಪ್ಪು. ತುದಿಯಿಂದ ಆರು ಇಂಚಾ, ಚಕ್ರದ ನಡುವಿಂದಾನಾ? ಏನಂತ ಬರ್ದವ್ರೆ?"

"ಅದು... ತುದಿಯಿಂದ."

"ಕೊಡು ಇಲ್ಲಿ, ನೋಡ್ತೀನಿ."

"ಕೈ ಮಸಿಯಾಗೈತಲ್ಲೋ, ನಾನೇ..."

ಅವನು ಕೈಯನ್ನು ಷರ್ಟಿಗೆ ಒರೆಸಿಕೊಂಡು ಚಾಚಿದ. ಕೊಡದೆ ಬೇರೆ ದಾರಿ ಇರಲಿಲ್ಲ. ಅವನು ಮೊದಲಿನಿಂದ ಕೊನೆಯವರೆಗೆ ಓದಿದ. ಇನ್ನೊಂದು ಸಲ ಓದಿದ. ಹಾಳೆಯನ್ನು ಮೊದಲಿದ್ದ ಹಾಗೇ ಮಡಿಸಿ ನನ್ನ ಕೈಗೆ ಕೊಟ್ಟ. ಆಮೇಲೆ ಅಂಗೈಯಿಂದ ನೆಲದ ಮೇಲಿನ ಗೆರೆಗಳನ್ನು ಅಳಿಸಿದ, ಮೊದಲು ಒಳಗಿನದು, ಆಮೇಲೆ ಹೊರಗಿನದು.

"ಒಂದು ಕೆಟ್ಟ ಗಾಡಿ ಮಾಡಾಕೂ ನನ್ನ ಬಿಡಾಕಿಲ್ವಲ್ಲೋ ಮರಿ ನೀವೆಲ್ಲ," ಎಂದ.

ಅವನು ಮತ್ತೆ ಎಂಜಿನ್ನಿಗೆ ಕೈ ಹಾಕಿದ. ಸಂಜೆ ಎತ್ತಿ ಮನೆಗೆ ಬಿಡಲು ಹೋದಾಗ ಗ್ಯಾರೇಜು ಮುಚ್ಚಿತ್ತು. ನೆಲದ ಧೂಳಿನಲ್ಲಿ ಬಾಗಿಲಿನಿಂದ ರಸ್ತೆಯವರೆಗೆ, ರಸ್ತೆಯಿಂದ ಅವನ ಮನೆಯ ಕಡೆಗೆ, ಮೈ ಎಳೆದುಕೊಂಡು ಹೋದ ಗುರುತಿತ್ತು. ಮನೆಯ ಬಾಗಿಲಲ್ಲಿ ದೇವೀರಮ್ಮ ನಿಂತಿದ್ದರು. ಕೈ ಮುಗಿಯಲಿಲ್ಲ.

"ನಾಳೆಯಿಂದ ಬರ್ಬೇಡ ಅಂದವ್ನೆ ಕಣಪ್ಪ," ಎಂದರು.